ದಕ್ಕೆಯಿಂದ ದಕ್ಕೆಗೆ

ನನ್ನ ಅಜ್ಜಿ ವರ್ಷವನ್ನು ಎರಡೇ ಪಾಲು ಮಾಡುತ್ತಿದ್ದಳು: ಬೋಟು ಇರುವ ತಿಂಗಳು, ಬೋಟು ಇಲ್ಲದ ತಿಂಗಳು. ಊರು ಕುಮಟೆಯ ಹತ್ತಿರ. ಅಜ್ಜ ಮುಂಬಯಿಯ ಒಂದು ಹೋಟೆಲಿನ ಗಲ್ಲೆಯಲ್ಲಿ ಕೂರುತ್ತಿದ್ದ. ಮನಿಯಾರ್ಡರು ಹನ್ನೆರಡು ತಿಂಗಳೂ ಬರುತ್ತಿತ್ತು. ಮನುಷ್ಯ ಮಾತ್ರ ಬೋಟು ಇದ್ದಾಗಲೇ ಬರುತ್ತಿದ್ದ. ಮೇ ತಿಂಗಳ ಕೊನೆಗೆ ಕಡಲಿನ ಬಣ್ಣ ತಿರುಗಿ ಆಗಬೋಟಿನ, ಎಂದರೆ ಉಗಿಹಡಗಿನ, ಓಡಾಟ ನಿಂತಿತೆಂದರೆ, ನೂಲಹುಣ್ಣಿಮೆ ಕಳೆದು, ಕಡಲಿಗೆ ತೆಂಗಿನಕಾಯಿ ಬಿಟ್ಟು, ಗಾಳಿ ತಣಿದ ಮೇಲೆಯೇ ಮತ್ತೆ ಅದರ ಹೊಗೆ ಕಾಣುವುದು. ಸಾಲದ ವಾಯಿದೆ, ಮದುವೆಯ ಮಾತುಕತೆ, ಬಾಣಂತನಕ್ಕೆ ಗಂಡ ಬರುತ್ತಾನೋ ಇಲ್ಲವೋ ಎಂಬ ಲೆಕ್ಕ ಎಲ್ಲವೂ ಈ ಎರಡು ಪಾಲಿನೊಳಗೇ. ಅವಳ ಮಾತಿನಲ್ಲಿ ಬೋಟು ಎಂದರೆ ಆಗಬೋಟು ಒಂದೇ. ಉಳಿದವಕ್ಕೆ ಬೇರೆ ಬೇರೆ ಹೆಸರಿತ್ತು: ಹೋಡಿ, ಮಚವೆ, ಮಂಜಿ, ಪತ್ತೆಮಾರಿ.

ಈಗ ಈ ಹಳೆಯ ಕತೆ ಏಕೆಂದರೆ, ಕರಾವಳಿ ಹಡಗು ಸಾರಿಗೆಗೆಂದೇ ಒಂದು ಪ್ರತ್ಯೇಕ ಕಾಯ್ದೆಯನ್ನು ಸಂಸತ್ತು 2025ರ ಆಗಸ್ಟಿನಲ್ಲಿ ಒಪ್ಪಿತು. 1958ರ ಮರ್ಚೆಂಟ್ ಶಿಪ್ಪಿಂಗ್ ಕಾಯ್ದೆಯ ಒಂದು ಭಾಗವಾಗಿದ್ದ ವಿಷಯಕ್ಕೆ ಈಗ ಸ್ವಂತ ಮನೆ ಸಿಕ್ಕಿದೆ. ದೇಶದ ಒಂದು ಬಂದರಿನಿಂದ ಇನ್ನೊಂದಕ್ಕೆ ಸಾಗುವ ಸರಕನ್ನು 2030ರ ಹೊತ್ತಿಗೆ 23 ಕೋಟಿ ಟನ್ನಿಗೆ ಏರಿಸುವ ಗುರಿಯ ಮಾತು ಕೇಳುತ್ತಿದೆ. ಕೇಳಲು ಚೆನ್ನಾಗಿದೆ. ಆದರೆ ಇದು ಹೊಸ ದಾರಿಯಲ್ಲ. ನಮ್ಮ ಕರಾವಳಿಯಲ್ಲಿ ಜನ ನೂರಾರು ವರ್ಷ ನಡೆದ ದಾರಿ ಇದು. ಅದನ್ನು ಯಾರೂ ಒಂದು ದಿನ ಅಪ್ಪಣೆ ಹೊರಡಿಸಿ ಮುಚ್ಚಲಿಲ್ಲ, ಆದರೂ ನಾಲ್ಕೈದು ದಶಕಗಳಲ್ಲಿ ಅದು ಅಳಿಸಿಹೋಯಿತು. ಮತ್ತೆ ತೆರೆಯುವ ಮಾತಾಡುವವರು ಮೊದಲು ಅದರ ಹಳೆಯ ಲೆಕ್ಕದ ಪುಸ್ತಕ ಬಿಚ್ಚಿ ನೋಡಬೇಕು.

ಆಗಬೋಟಿಗಿಂತ ಹಿಂದಿನದು ಗಾಳಿಯ ಲೆಕ್ಕ. ಮಳೆಗಾಲ ಮುಗಿದ ಮೇಲೆ ಈ ದಂಡೆಯಲ್ಲಿ ದಿನಕ್ಕೆ ಎರಡು ಗಾಳಿ. ನಸುಕಿನಲ್ಲಿ ಘಟ್ಟದ ಕಡೆಯಿಂದ ತಣ್ಣಗೆ ಇಳಿಯುವ ಮೂಡುಗಾಳಿ, ಮಧ್ಯಾಹ್ನ ತಿರುಗಿದ ಮೇಲೆ ಕಡಲಿನಿಂದ ಬೀಸುವ ಪಡುಗಾಳಿ. ಹಡಗು ನಡೆಸುವ ತಂಡೇಲನಾದವನು ಮೊದಲನೆಯದರಲ್ಲಿ ಅಳಿವೆ ದಾಟಿ ಹೊರಬೀಳುತ್ತಿದ್ದ, ಎರಡನೆಯದನ್ನು ಓರೆ ಹಾಯಿಯಲ್ಲಿ ಹಿಡಿದು ದಂಡೆಗುಂಟ ಸಾಗುತ್ತಿದ್ದ. ದೀಪಸ್ತಂಭ ಬೇಕಿರಲಿಲ್ಲ, ಗುಡ್ಡದ ಆಕಾರ ಸಾಕು. ಪತ್ತೆಮಾರಿಯ ಹಲಗೆಗಳ ಸಂದಿಗೆ ಹತ್ತಿ ತುರುಕಿ, ಎಣ್ಣೆ ಮೆತ್ತಿ, ಮಳೆಗಾಲವಿಡೀ ಮಡಲಿನ ಚಪ್ಪರದಡಿ ದಡದಲ್ಲಿ ಮಲಗಿಸುತ್ತಿದ್ದರು. ತೆಂಕಣದಿಂದ ಅಕ್ಕಿ, ತೆಂಗು, ಅಡಿಕೆ, ಮೆಣಸು, ಮರ, ಸೌದೆ, ಒಣಮೀನು. ಬಡಗಣದಿಂದ ಬಟ್ಟೆ, ಖರ್ಜೂರ, ನೀರುಳ್ಳಿ, ಗೋಧಿ. ಸಾಣಿಕಟ್ಟೆಯ ಉಪ್ಪಿಗೂ ಇವೇ ಗಾಡಿ. ಬಸರೂರಿನ ಅಕ್ಕಿ ಗೋವೆಯ ಪೋರ್ಚುಗೀಸರ ಹೊಟ್ಟೆ ಹೊರೆದದ್ದು ಹೀಗೆ; 1665ರಲ್ಲಿ ಶಿವಾಜಿ ಹಡಗಿನ ಪಡೆ ಕಟ್ಟಿಕೊಂಡು ಅದೇ ಬಸರೂರಿಗೆ ಬಂದು ಕೊಳ್ಳೆ ಹೊಡೆದದ್ದೂ ಅಲ್ಲಿದ್ದ ದುಡ್ಡಿಗಾಗಿಯೇ.

ಈ ಕರಾವಳಿಯ ಹೆಸರು ಲಂಡನ್, ಲಿವರ್‌ಪೂಲುಗಳ ದಲ್ಲಾಳಿಗಳ ಬಾಯಲ್ಲಿ ಬಿದ್ದದ್ದು ಹತ್ತಿಯಿಂದ. ಬೆಳೆದದ್ದು ಧಾರವಾಡ, ಗದಗಿನ ಎರೆಹೊಲದಲ್ಲಿ. ಹೆಸರು ಬಂದದ್ದು ಕುಮಟೆಗೆ. ಘಟ್ಟ ಇಳಿದು ಎತ್ತಿನ ಗಾಡಿಗಳಲ್ಲಿ ಬಂದ ಅರಳೆ ಕುಮಟೆಯಲ್ಲಿ ಪತ್ತೆಮಾರಿ ಹತ್ತಿ ಮುಂಬಯಿಗೆ ಹೋಗುತ್ತಿತ್ತು, ಅಲ್ಲಿಂದ ವಿಲಾಯತಿಗೆ. ಹತ್ತಿಯ ಪೇಟೆಯಲ್ಲಿ ಆ ಜಾತಿಗೆ ಕುಮಟಾ ಎಂದೇ ಹೆಸರು ನಿಂತಿತು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿನ ಹತ್ತಿ ನಿಂತಾಗ ಮ್ಯಾಂಚೆಸ್ಟರಿನ ಗಿರಣಿ ಮಾಲೀಕರು ಭೂಪಟದ ಮೇಲೆ ಬೆರಳಿಟ್ಟು ಹುಡುಕಿದ ಜಾಗಗಳಲ್ಲಿ ಕಾರವಾರವೂ ಒಂದು. ಅವರ ಒತ್ತಡದ ಫಲವಾಗಿ 1862ರಲ್ಲಿ ಉತ್ತರ ಕನ್ನಡವನ್ನು ಮದರಾಸು ಪ್ರಾಂತದಿಂದ ಕಿತ್ತು ಮುಂಬಯಿ ಪ್ರಾಂತಕ್ಕೆ ಸೇರಿಸಿದರು. ಒಂದು ಜಿಲ್ಲೆಯ ಜಾತಕವನ್ನೇ ಹತ್ತಿಯ ಮೂಟೆ ಬದಲಿಸಿತು. 1864ರಲ್ಲಿ ಕಾರವಾರದ ಹೊರಗಿನ ದೇವಗಡ ದ್ವೀಪದಲ್ಲಿ ದೀಪಸ್ತಂಭ ಎದ್ದಿತು. ಹುಬ್ಬಳ್ಳಿಯಿಂದ ಕಾರವಾರಕ್ಕೆ ರೈಲು ಬರುತ್ತದೆಂದು ಎಲ್ಲರೂ ನಂಬಿದರು.

ರೈಲು ಬರಲಿಲ್ಲ. ಬ್ರಿಟಿಷರು 1878ರಲ್ಲಿ ಪೋರ್ಚುಗೀಸರ ಜೊತೆ ಒಪ್ಪಂದ ಮಾಡಿಕೊಂಡರು. ಆ ದಶಕ ಕಳೆದು ಮುಂದಿನದು ಮುಗಿಯುವಷ್ಟರಲ್ಲಿ ಹಳಿ ಕ್ಯಾಸಲ್‌ರಾಕ್ ಇಳಿದು ಮುರಗಾಂವಿಗೆ ಹೋಯಿತು. ಹತ್ತಿ ಅದರ ಹಿಂದೆಯೇ ಹೋಯಿತು. ಕುಮಟೆಯ ದಕ್ಕೆಯ ಮೇಲೆ ಹುಲ್ಲು ಬೆಳೆಯಿತು. ಹುಬ್ಬಳ್ಳಿ–ಅಂಕೋಲಾ ರೈಲಿನ ಕಡತ ಇಂದಿಗೂ ಮೇಜಿನಿಂದ ಮೇಜಿಗೆ ಸರಿಯುತ್ತಿದೆ ಎಂಬುದನ್ನು ಓದುಗರಿಗೆ ನೆನಪಿಸಬೇಕಿಲ್ಲ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ ಮೈಸೂರು ಸಂಸ್ಥಾನಕ್ಕೆ ಭಟ್ಕಳದಲ್ಲಿ ಒಂದು ಬಂದರು ಬೇಕೆಂದು ಹಟ ಹಿಡಿದಿದ್ದರು. ಅದೂ ಕಾಗದದಲ್ಲೇ ಉಳಿಯಿತು. ನಮ್ಮ ಬಂದರುಗಳ ಹಣೆಬರಹವನ್ನು ಕಡಲಿಗಿಂತ ಘಟ್ಟದ ಮೇಲಿನ ದಾರಿಯೇ ಹೆಚ್ಚು ಬರೆದಿದೆ.

ತೆಂಕಣಕ್ಕೆ, ಮಂಗಳೂರಿನಲ್ಲಿ, ಅದೃಷ್ಟ ಬೇರೆ ಇತ್ತು. 1865ರಲ್ಲಿ ಬಾಸೆಲ್ ಮಿಶನ್ನಿನ ಪ್ಲೆಬ್‌ಸ್ಟ್ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದಾಗ ಮಣ್ಣು ಬಂದದ್ದು ನೇತ್ರಾವತಿಯ ದೋಣಿಗಳಲ್ಲಿ, ಸುಟ್ಟ ಹಂಚು ಹೋದದ್ದೂ ದೋಣಿಯಲ್ಲೇ. ಎತ್ತಿನ ಗಾಡಿಯಲ್ಲಿ ಘಟ್ಟ ಹತ್ತಿಸಿದ್ದರೆ ಅರ್ಧ ಹಂಚು ದಾರಿಯಲ್ಲೇ ಪುಡಿಯಾಗುತ್ತಿತ್ತು. ಮಂಗಳೂರು ಹಂಚು ಕಡಲಾಚೆಯ ಮಾಡುಗಳ ಮೇಲೂ ಕುಳಿತದ್ದರಲ್ಲಿ ಒಳ್ಳೆಯ ಜೇಡಿಗೆ ಎಷ್ಟು ಪಾಲಿದೆಯೋ, ಮಂಜಿಯ ಹೊಟ್ಟೆಗೂ ಅಷ್ಟೇ ಪಾಲಿದೆ. ಅಮಿನಿದಿವಿ ದ್ವೀಪಗಳು 1956ರ ತನಕ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಅಲ್ಲಿನವರು ತೆಂಗಿನ ನಾರಿನ ಹಗ್ಗ ಹೇರಿಕೊಂಡು ಮಂಗಳೂರಿಗೆ ಬಂದು ಅಕ್ಕಿ ಒಯ್ಯುತ್ತಿದ್ದರು. ಅವರ ಹಡಗಿಗೆ ಅವರ ಭಾಷೆಯಲ್ಲಿ ಓಡಂ ಎಂದು ಹೆಸರು; ನಮ್ಮ ಹಳೆಗನ್ನಡದ ಓಡವೇ ಅದು. ನಾವು ಮರೆತ ಪದವನ್ನು ಕಡಲಿನ ನಡುವಿನವರು ಜೋಪಾನ ಮಾಡಿಟ್ಟಿದ್ದಾರೆ.

ಆಗಬೋಟು ಬಂದದ್ದು ಇವುಗಳ ನಡುವೆ. ಮುಂಬಯಿಯ ಶೆಫರ್ಡ್ ಕಂಪನಿಯ ಬೋಟುಗಳು ಹತ್ತೊಂಬತ್ತನೆಯ ಶತಮಾನದ ಎರಡನೆಯ ಅರ್ಧದಲ್ಲಿ ದಂಡೆಗುಂಟ ಓಡಾಡತೊಡಗಿದವು. ಆಮೇಲೆ ಬಾಂಬೆ ಸ್ಟೀಮ್ ನ್ಯಾವಿಗೇಶನ್ ಕಂಪನಿಯ ಕಾಲ ಬಂತು, ಅದೇ ನಮ್ಮ ಹಿರಿಯರ ಬೋಟು. 1907ರಲ್ಲಿ ಮಂಗಳೂರಿಗೆ ರೈಲು ಬಂದರೂ ಅದು ಮುಂಬಯಿಗೆ ಹೋಗುವ ನೇರ ದಾರಿಯಾಗಲಿಲ್ಲ. ಶೊರನೂರು, ಜೋಲಾರಪೇಟೆ, ಅರಕೋಣ, ಗುಂಟಕಲ್ಲು ಎಂದು ಅರ್ಧ ದಕ್ಷಿಣ ಭಾರತ ಸುತ್ತಬೇಕು. ಬೋಟಿನಲ್ಲಿ ಬಂದರು ಬಂದರಿಗೆ ನಿಂತು ಹೋದರೂ ಎರಡು ಮೂರು ದಿನ. ಉಡುಪಿ, ಕುಂದಾಪುರ, ಹೊನ್ನಾವರ, ಕುಮಟೆಯವರಿಗಂತೂ ರೈಲಿನ ಪ್ರಶ್ನೆಯೇ ಇರಲಿಲ್ಲ.

ಬೋಟು ಹತ್ತುವುದೇ ಒಂದು ಸಾಹಸ. ಅಳಿವೆಯ ಬಾಯಲ್ಲಿ ಮರಳು ಕೂತಿರುವುದರಿಂದ ಬಹುಪಾಲು ಬಂದರುಗಳಲ್ಲಿ ಆಗಬೋಟು ದಡಕ್ಕೆ ಬರುತ್ತಲೇ ಇರಲಿಲ್ಲ. ದೂರದಲ್ಲಿ ಲಂಗರು ಹಾಕಿ ಸೀಟಿ ಊದುವುದು, ಇವರು ಹೋಡಿಯಲ್ಲಿ ಅಲ್ಲಿಗೆ ಹೋಗುವುದು. ಅಜ್ಜಿ ಮೊದಲ ಸಲ ಮುಂಬಯಿಗೆ ಹೊರಟಾಗ ಕಂಕುಳಲ್ಲಿ ಎರಡು ವರ್ಷದ ಮಗು, ಜೊತೆಗೆ ಅತ್ತೆ, ಒಂದು ತಗಡಿನ ಟ್ರಂಕು, ಅವಲಕ್ಕಿಯ ಗಂಟು. ಹೋಡಿ ಬೋಟಿನ ಪಕ್ಕಕ್ಕೆ ಹೋದಾಗ ಅದರ ಕಬ್ಬಿಣದ ಗೋಡೆ ಒಮ್ಮೆ ತಲೆಯ ಮೇಲೆ ಏರಿ ನಿಂತಂತೆ, ಇನ್ನೊಮ್ಮೆ ಕಾಲಡಿಗೆ ಇಳಿದುಹೋದಂತೆ. ಏಣಿಯ ಕೊನೆಯ ಮೆಟ್ಟಿಲ ಮೇಲೆ ನಿಂತ ಖಲಾಸಿ ಯಾರ ಮುಖವನ್ನೂ ನೋಡುತ್ತಿರಲಿಲ್ಲವಂತೆ, ತೆರೆಯನ್ನೇ ನೋಡುತ್ತಿದ್ದನಂತೆ. ತೆರೆ ಹೋಡಿಯನ್ನು ಎತ್ತಿ ಏಣಿಯ ಸಮಕ್ಕೆ ತಂದ ಒಂದು ಗಳಿಗೆ ಇದೆಯಲ್ಲ, ಆಗ ರಟ್ಟೆ ಹಿಡಿದು ಎಳೆದುಕೊಳ್ಳಬೇಕು. ತಡವಾದರೆ ಹೋಡಿ ಆಳು ಎತ್ತರ ಕೆಳಗೆ. ಮೊದಲು ಮಗು ಹೋಯಿತು, ಮೂಟೆಯ ಹಾಗೆ, ಕೈಯಿಂದ ಕೈಗೆ. ಆಮೇಲೆ ಅತ್ತೆ. ಅಜ್ಜಿ ಹೋಡಿಯಲ್ಲಿ ಉಳಿದು, ಮಗು ಮೇಲೆ ಅಳುತ್ತಾ ಇದ್ದ ಆ ಎರಡು ತೆರೆಯ ಹೊತ್ತನ್ನು ಅವಳು ತೊಂಬತ್ತರ ವಯಸ್ಸಿನಲ್ಲೂ ಹೇಳುವಾಗ ಕೈ ಮುಂದೆ ಚಾಚಿಯೇ ಹೇಳುತ್ತಿದ್ದಳು.

ಮೇಲೆ ಹೋದರೆ ಡೆಕ್ಕು. ಚಾಪೆ ಹಾಸಿದವನದೇ ಜಾಗ. ಕಲ್ಲಿದ್ದಲ ಹೊಗೆ, ಒಣಮೀನಿನ ಬುಟ್ಟಿ, ವಾಂತಿ, ವಾಂತಿಗೆಂದು ಬಾಯಲ್ಲಿಟ್ಟುಕೊಂಡ ಲಿಂಬೆ ಸಿಪ್ಪೆ. ಮಡಿಯ ಅತ್ತೆ ಅವಲಕ್ಕಿಯ ಗಂಟು ಬಿಚ್ಚದೆ, ನೀರೂ ಕುಡಿಯದೆ ಮುಂಬಯಿ ತನಕ ಉಪವಾಸವಿದ್ದಳು. ಪಕ್ಕದ ಚಾಪೆಯಲ್ಲಿ ಮಲ್ಪೆ ಕಡೆಯ ಮೊಗವೀರರ ಹುಡುಗರು, ಆಚೆ ಮಂಗಳೂರಿನ ಕ್ರಿಸ್ತುವರು, ಹೋಟೆಲಿನಲ್ಲಿ ಲೋಟ ತೊಳೆಯಲು ಹೊರಟ ಹತ್ತು ಹನ್ನೆರಡರ ಪೋರರು. ಮುಂಬಯಿಯ ಕನ್ನಡ ಬದುಕು ಅಂಕುರಿಸಿದ್ದರಲ್ಲಿ ಈ ಡೆಕ್ಕಿನ ಪಾಲು ದೊಡ್ಡದು. ಮೊಗವೀರ ವ್ಯವಸ್ಥಾಪಕ ಮಂಡಳಿ ಮುಂಬಯಿಯಲ್ಲಿ ಹುಟ್ಟಿದ್ದು 1902ರಲ್ಲಿ. ಹಗಲು ಹೋಟೆಲು, ಹಡಗಿನ ಗೋದಿಯಲ್ಲಿ ದುಡಿದ ಹುಡುಗರಿಗೆ ರಾತ್ರಿ ಶಾಲೆಗಳು ತೆರೆದವು, ಉಡುಪಿ ಹೋಟೆಲುಗಳು ಬೀದಿ ಬೀದಿಗೆ ಬಂದವು. ಸಂಘ ಸಂಸ್ಥೆಗಳ ಚರಿತ್ರೆಯ ಪುಸ್ತಕಗಳಲ್ಲಿ ಅಧ್ಯಕ್ಷರ ಫೋಟೋ ಸಾಲಾಗಿ ಇರುತ್ತದೆ. ಆ ಅಧ್ಯಕ್ಷರ ಅಪ್ಪಂದಿರನ್ನು ತಂದ ಬೋಟಿನ ಫೋಟೋ ಎಲ್ಲೋ ಒಂದೆರಡು ಕಡೆ ಮಾತ್ರ ಕಂಡಿದ್ದೇನೆ.

ಡೆಕ್ಕಿನಲ್ಲಿ ಸುಖವಾಗಿ ಕೂತವರೂ ಇದ್ದರು ಅನ್ನಿ. ಅಣ್ಣ ಸತ್ಯೇಂದ್ರನಾಥ ಕಾರವಾರದಲ್ಲಿ ನ್ಯಾಯಾಧೀಶರಾಗಿದ್ದಾಗ ಅಲ್ಲಿಗೆ ಬಂದಿದ್ದ ತರುಣ ರವೀಂದ್ರನಾಥ ಠಾಕೂರರು ಹಿಂತಿರುಗುವಾಗ ಹಡಗಿನ ಡೆಕ್ಕಿನ ಮೇಲೆ ಕೂತು ತಮ್ಮ ನಾಟಕ ‘ಪ್ರಕೃತಿರ್ ಪ್ರತಿಶೋಧ’ಕ್ಕೆ ಹಾಡು ಕಟ್ಟಿದ್ದನ್ನು ಆತ್ಮಕಥನದಲ್ಲಿ ಹೇಳಿಕೊಂಡಿದ್ದಾರೆ. ಕಾರವಾರದ ಕಡಲತೀರಕ್ಕೆ ಇಂದು ಅವರ ಹೆಸರಿದೆ.

ಈ ನೆನಪುಗಳಿಗೆ ಬೆಲ್ಲ ಸವರುವ ಚಾಳಿ ನಮ್ಮಲ್ಲಿ ಬೆಳೆದಿದೆ, ಹಾಗಾಗಿ ಸತ್ತವರ ಲೆಕ್ಕವನ್ನೂ ಹೇಳಲೇಬೇಕು. 1888ರ ನವೆಂಬರ್ 8ರಂದು ಕಚ್ಛದ ಮಾಂಡವಿಯಿಂದ ಮುಂಬಯಿಗೆ ಹೊರಟ ಶೆಫರ್ಡ್ ಕಂಪನಿಯ ‘ವೈತರಣಾ’ ಚಂಡಮಾರುತಕ್ಕೆ ಸಿಕ್ಕಿ ಸೌರಾಷ್ಟ್ರದ ದಂಡೆಯಾಚೆ ಕಾಣೆಯಾಯಿತು. ಮೂರು ವರ್ಷದ ಹೊಸ ಹಡಗು. ವಿದ್ಯುದ್ದೀಪ ಇದ್ದದ್ದರಿಂದ ಜನ ಅದನ್ನು ‘ವಿಜಳಿ’ ಎನ್ನುತ್ತಿದ್ದರು. ಏಳುನೂರಕ್ಕೂ ಹೆಚ್ಚು ಜನ ಅದರಲ್ಲಿದ್ದರು. ಮದುವೆ ದಿಬ್ಬಣಗಳಿದ್ದವು, ಮುಂಬಯಿಗೆ ಮೆಟ್ರಿಕ್ ಪರೀಕ್ಷೆ ಬರೆಯಲು ಹೊರಟ ಹುಡುಗರಿದ್ದರು. ಒಬ್ಬರೂ ಉಳಿಯಲಿಲ್ಲ. 1927ರ ನವೆಂಬರಿನಲ್ಲಿ ‘ಜಯಂತಿ’, ‘ತುಕಾರಾಂ’ ಎಂಬ ಎರಡು ಬೋಟುಗಳು ಕೊಂಕಣ ದಂಡೆಯಲ್ಲಿ ಒಂದೇ ದಿನ ಮುಳುಗಿದವು.

ಆಮೇಲೆ ‘ರಾಮದಾಸ’. 1947ರ ಜುಲೈ 17, ಸ್ವಾತಂತ್ರ್ಯಕ್ಕೆ ಇನ್ನು ಒಂದು ತಿಂಗಳೂ ಇರಲಿಲ್ಲ. ಆಷಾಢದ ಅಮಾವಾಸ್ಯೆ. ಶ್ರಾವಣ ಹಿಡಿಯುವ ಮೊದಲು ಊರಿಗೆ ಹೋಗಿ ಮನೆಯವರ ಜೊತೆ ಉಂಡು ಬರೋಣ ಎಂದು ಹೊರಟ ಗಿರಣಿ ಕೆಲಸಗಾರರು, ಪೇಟೆಯವರು, ಮೀನು ಮಾರುವ ಹೆಂಗಸರು ಬೋಟು ತುಂಬಿದ್ದರು. ಬೆಳಿಗ್ಗೆ ಎಂಟರ ಸುಮಾರಿಗೆ ಮುಂಬಯಿಯ ಭಾವೂಚಾ ಧಕ್ಕೆ ಬಿಟ್ಟು ರೇವಸಿನ ಕಡೆ ಹೊರಟಿತು. ಒಂದೂವರೆ ಗಂಟೆಯ ದಾರಿ, ವಿಹಾರ ಎನ್ನಬಹುದಾದಷ್ಟೇ ದೂರ. ಕಾಸಾ ದ್ವೀಪದ ಹತ್ತಿರ ಮಳೆಗಾಳಿಗೆ ಎದ್ದ ತೆರೆ ಬೋಟನ್ನು ಓಲಿಸಿತು. ಜನ ಹೆದರಿ ಒಂದೇ ಮಗ್ಗುಲಿಗೆ ಓಡಿದರು. ಬೋಟು ಮಗುಚಿತು. ಆರುನೂರಕ್ಕೂ ಹೆಚ್ಚು ಜನ ಹೋದರು. ಬೋಟಿನಲ್ಲಿ ನಿಸ್ತಂತು ಯಂತ್ರ ಇರಲಿಲ್ಲವಾಗಿ ಅಷ್ಟು ದೊಡ್ಡ ಮುಂಬಯಿಗೆ, ಅದರ ಕಣ್ಣಳತೆಯ ದೂರದಲ್ಲಿ ಏನಾಯಿತೆಂದು ತಿಳಿಯಲಿಲ್ಲ. ತೇಲುತ್ತಾ ಮುಂಬಯಿ ದಡ ಸೇರಿದ ಒಬ್ಬ ಹುಡುಗ ಮಧ್ಯಾಹ್ನದ ಮೇಲೆ ಹೇಳಿದಾಗಲೇ ಸುದ್ದಿ.

ಆ ಬೋಟು ಬಿಳಿಯರ ಕಂಪನಿಯದಲ್ಲ ಎಂಬುದನ್ನು ಗಮನಿಸಬೇಕು. ಸ್ವದೇಶಿ ಚಳವಳಿಯ ಹುರುಪಿನಲ್ಲಿ ಸಹಕಾರಿ ತತ್ತ್ವದ ಮೇಲೆ ಕಟ್ಟಿದ ಕಂಪನಿ. ಜನ ಅದನ್ನು ‘ಮಾಝೀ ಆಗಬೋಟ ಕಂಪನಿ’, ಎಂದರೆ ನನ್ನ ಬೋಟಿನ ಕಂಪನಿ, ಎಂದೇ ಕರೆಯುತ್ತಿದ್ದರು. ಬೋಟುಗಳಿಗೆ ಸಂತರ ಹೆಸರು. ಭಕ್ತಿಯೂ ದೇಶಪ್ರೇಮವೂ ಹೊರೆಯ ಮಿತಿಯನ್ನು ಕಾಯಲಾರವು. ವೈತರಣಾದಿಂದ ರಾಮದಾಸಿನ ತನಕ ಅರುವತ್ತು ವರ್ಷ ಹತ್ತಿರ ಕಳೆದಿತ್ತು, ಕೊರತೆಗಳು ಅವೇ ಇದ್ದವು: ಹವಾಮಾನ ಕೇಳದ ಅವಸರ, ದಡಕ್ಕೆ ಕೂಗಿ ಹೇಳುವ ಉಪಾಯವೇ ಇಲ್ಲದ ಹಡಗು.

ಸ್ವದೇಶಿ ಹಡಗಿನ ಆಸೆ ಹುಟ್ಟಿದ್ದಕ್ಕೆ ಮಾತ್ರ ಒಳ್ಳೆಯ ಕಾರಣಗಳಿದ್ದವು. 1906ರಲ್ಲಿ ತೂತುಕುಡಿಯ ವ. ಉ. ಚಿದಂಬರಂ ಪಿಳ್ಳೆಯವರು ಕೊಲಂಬೋ ದಾರಿಯಲ್ಲಿ ಸ್ವದೇಶಿ ಕಂಪನಿ ಕಟ್ಟಿದಾಗ ಬ್ರಿಟಿಷ್ ಇಂಡಿಯಾ ಕಂಪನಿ ಟಿಕೇಟಿನ ದರ ಇಳಿಸುತ್ತಾ ಇಳಿಸುತ್ತಾ ಕೊನೆಗೆ ಪುಕ್ಕಟೆ ಕರೆದೊಯ್ಯುತ್ತೇವೆ ಎನ್ನುವ ಮಟ್ಟಕ್ಕೆ ಬಂತು. ಎರಡೇ ವರ್ಷದಲ್ಲಿ ಪಿಳ್ಳೆಯವರು ರಾಜದ್ರೋಹದ ಮೇಲೆ ಜೈಲಿನಲ್ಲಿದ್ದರು. 1919ರ ಏಪ್ರಿಲ್ 5ರಂದು ಸಿಂಧಿಯಾ ಕಂಪನಿಯ ‘ಲಾಯಲ್ಟಿ’ ಮುಂಬಯಿಯಿಂದ ಲಂಡನ್ನಿಗೆ ಹೊರಟಿತು; ನಮ್ಮ ರಾಷ್ಟ್ರೀಯ ಕಡಲಯಾನ ದಿನ ಅದೇ. ದೇಶದ ದಂಡೆಯ ವ್ಯಾಪಾರ ದೇಶದ ಹಡಗುಗಳಿಗೇ ಮೀಸಲಾಗಬೇಕೆಂಬ ಸಾರಾಭಾಯಿ ಹಾಜಿಯವರ ಮಸೂದೆ 1928ರಲ್ಲಿ ಕೇಂದ್ರ ಶಾಸನಸಭೆಯ ಮುಂದೆ ಬಂತು, ಕಾಯ್ದೆಯಾಗಲಿಲ್ಲ. ಸ್ವಾತಂತ್ರ್ಯ ಬಂದ ಮೇಲೆ ಮೀಸಲಾತಿಯೂ ಬಂತು, 1950ರ ದಶಕದಲ್ಲಿ ಬಾಂಬೆ ಸ್ಟೀಮ್ ಕಂಪನಿಯೂ ಸಿಂಧಿಯಾದ ಕೈಸೇರಿತು. ಹಡಗು ಯಾರದೆಂಬ ಈ ವಾದದಲ್ಲಿ ಹಡಗಿನಲ್ಲಿ ದುಡಿಯುವವನ ಬಗ್ಗೆ ಕೇಳಿದವರು ಕಡಿಮೆ. ಕೇಳಿದ ಒಬ್ಬರು ನಮ್ಮ ಅಂಕೋಲೆಯವರು. ಚುಟುಕದಿಂದ ಮನೆಮಾತಾದ ದಿನಕರ ದೇಸಾಯಿ 1940ರಲ್ಲಿ ಭಾರತದ ಹಡಗು ಕಾರ್ಮಿಕರ ಸ್ಥಿತಿಗತಿಯ ಮೇಲೆ ಇಂಗ್ಲಿಷಿನಲ್ಲಿ ಒಂದು ಗಟ್ಟಿ ಪುಸ್ತಕ ಬರೆದಿದ್ದಾರೆ. ಚುಟುಕ ಓದಿದವರೆಲ್ಲ ಅದನ್ನೂ ಓದಬೇಕಿತ್ತು.

ಆಗಬೋಟು ಕೊನೆಯ ಸಲ ದೇಶದ ದೊಡ್ಡ ಸುದ್ದಿಯಾದದ್ದು ಕಾರವಾರದ ಎದುರಿನಲ್ಲೇ. 1961ರ ನವೆಂಬರಿನಲ್ಲಿ ಕೊಚ್ಚಿ–ಮುಂಬಯಿ ದಾರಿಯ ‘ಸಾಬರಮತಿ’ ಅಂಜದೀವ ದ್ವೀಪದ ಹತ್ತಿರ ಹಾಯುವಾಗ ಅಲ್ಲಿದ್ದ ಪೋರ್ಚುಗೀಸ್ ಸೈನಿಕರು ಗುಂಡು ಹಾರಿಸಿದರು. ಹಡಗಿನ ಎಂಜಿನಿಯರ್ ಗಾಯಗೊಂಡರು. ಅದೇ ದಿನಗಳಲ್ಲಿ ಕಾರವಾರ ಕಡೆಯ ಒಬ್ಬ ಮೀನುಗಾರನೂ ಆ ದ್ವೀಪದ ಗುಂಡಿಗೆ ಬಲಿಯಾದ. ಡಿಸೆಂಬರಿನಲ್ಲಿ ಗೋವೆಯ ಕಾರ್ಯಾಚರಣೆ ನಡೆಯಿತು. ಅಂಜದೀವದ ಮೇಲೆ ನೌಕಾಪಡೆಯ ‘ತ್ರಿಶೂಲ್’, ‘ಮೈಸೂರ್’ ಹಡಗುಗಳು ಹೋದವು, ಏಳು ನಾವಿಕರು ಅಲ್ಲಿ ಪ್ರಾಣಬಿಟ್ಟರು. ಗೋವೆ ಸ್ವತಂತ್ರವಾಯಿತು. ಸಾಬರಮತಿಯಂಥ ಬೋಟುಗಳ ದಿನ ಮಾತ್ರ ಆಗಲೇ ಎಣಿಕೆಯಲ್ಲಿತ್ತು.

ಏಕೆ ನಿಂತವು? ರಸ್ತೆ ಬಂತು, ನಿಂತವು ಎಂಬುದು ಎಲ್ಲರ ಉತ್ತರ. ಅದು ಸುಳ್ಳಲ್ಲ. ಹೊಳೆ ಹೊಳೆಗೂ ಬಸ್ಸನ್ನು ಜಂಗಲಿನ ಮೇಲೆ ಹತ್ತಿಸಿ ದಾಟಿಸುತ್ತಿದ್ದ ಕಾಲ ಹೋಗಿ ಒಂದೊಂದೇ ಸೇತುವೆ ಎದ್ದಿತು. ಬೋಟಿನಲ್ಲಿ ಒಂದು ಮೂಟೆ ಅಕ್ಕಿ ಮುಂಬಯಿಗೆ ಹೋಗಬೇಕಾದರೆ ಅಂಗಡಿಯಿಂದ ಗಾಡಿಗೆ, ಗಾಡಿಯಿಂದ ದಕ್ಕೆಗೆ, ದಕ್ಕೆಯಿಂದ ಹೋಡಿಗೆ, ಹೋಡಿಯಿಂದ ಬೋಟಿಗೆ, ಅಲ್ಲಿಳಿದ ಮೇಲೆ ಇಷ್ಟೂ ತಿರುಗುಮುರುಗಾಗಿ. ಪ್ರತಿ ಸಲವೂ ಹಮಾಲಿ, ಪ್ರತಿ ಸಲವೂ ಮೂಟೆಯಿಂದ ಒಂದಿಷ್ಟು ಉದುರುವುದು. ಲಾರಿ ಸಾಹುಕಾರನ ಬಾಗಿಲಿಗೇ ಬರುತ್ತದೆ, ಮಳೆಗಾಲವೆಂದು ರಜೆ ಕೇಳುವುದಿಲ್ಲ. ಎಣ್ಣೆ ಸುಡುವ ಲೆಕ್ಕದಲ್ಲಿ ಹಡಗು ಎಷ್ಟೇ ಅಗ್ಗವಾದರೂ ಕೈ ಬದಲಾಗುವ ಲೆಕ್ಕದಲ್ಲಿ ಸೋತಿತು.

ಆದರೆ ಅರ್ಧ ಉತ್ತರ ಅಷ್ಟೇ. ರಸ್ತೆಗೆ ಸರಕಾರ ದುಡ್ಡು ಹಾಕಿತು, ಸೇತುವೆಗೆ ಹಾಕಿತು. ಅಳಿವೆಯ ಮರಳು ತೆಗೆಯಲು, ಬೋಟು ದಡಕ್ಕೇ ತಾಗುವ ಹಾಗೆ ದಕ್ಕೆ ಕಟ್ಟಲು, ಸಣ್ಣ ಹಡಗಿನವನಿಗೆ ಸಾಲ ಕೊಡಲು ಅದೇ ಉತ್ಸಾಹ ಇರಲಿಲ್ಲ. ಬಂದರಿಗಾಗಿ ದುಡ್ಡು ಬಂದಾಗ ಅದು ಒಂದೇ ಕಡೆ ಬಂತು. ಪಣಂಬೂರಿನಲ್ಲಿ 1962ರಲ್ಲಿ ಕೆಲಸ ಶುರುವಾಗಿ, 1974ರ ಮೇ 4ರಂದು ನವಮಂಗಳೂರು ದೇಶದ ಒಂಬತ್ತನೆಯ ಮಹಾಬಂದರು ಎನಿಸಿಕೊಂಡು, 1975ರ ಜನವರಿ 11ರಂದು ಇಂದಿರಾ ಗಾಂಧಿಯವರಿಂದ ಉದ್ಘಾಟನೆಯಾಯಿತು. ಇಂದು ಅಲ್ಲಿ ವರ್ಷಕ್ಕೆ ನಾಲ್ಕು ಕೋಟಿ ಟನ್ನಿಗೂ ಹೆಚ್ಚು ಸರಕು ಏರಿಳಿಯುತ್ತದೆ. ಕಚ್ಚಾ ತೈಲ ಬರುತ್ತದೆ, ಕಲ್ಲಿದ್ದಲು ಬರುತ್ತದೆ. ಅದು ಹೆಮ್ಮೆಯ ಮಾತೇ. ಹೊನ್ನಾವರಕ್ಕೂ ಗಂಗೊಳ್ಳಿಗೂ ಅದರಿಂದ ಏನು ಬಂತೆಂದು ಕೇಳಿದರೆ ಹೆದ್ದಾರಿಯ ಮೇಲೆ ಸಾಲುಗಟ್ಟಿದ ಲಾರಿಗಳನ್ನು ತೋರಿಸಬೇಕು. ಹಿಂದೆ ಕಡಲು ಊರಿನಿಂದ ಊರಿಗೆ ಹೋಗುವ ಬೀದಿಯಾಗಿತ್ತು. ಈಗ ಅದು ಒಂದು ದೊಡ್ಡ ಹೆಬ್ಬಾಗಿಲು, ಒಳಗೆ ಬಂದದ್ದು ನ್ಯಾಷನಲ್ ಹೈವೇ ಹಿಡಿದು ಘಟ್ಟ ಹತ್ತುತ್ತದೆ. ಅಂಕೋಲೆಯ ಕೇಣಿಯಲ್ಲಿ, ಹೊನ್ನಾವರದ ಕಾಸರಕೋಡಿನಲ್ಲಿ ಹೊಸ ಬಂದರು ಎಂದರೆ ಮೀನುಗಾರರು ಬೀದಿಗಿಳಿಯುತ್ತಾರಲ್ಲ, ಅದನ್ನು ಅಭಿವೃದ್ಧಿ ವಿರೋಧ ಎಂದು ಬೈಯುವವರು ಈ ವ್ಯತ್ಯಾಸ ನೋಡಬೇಕು. ಅವರ ಅಜ್ಜಂದಿರು ಬಂದರಿನ ಮೇಲೇ ಬದುಕಿದವರು. ಆ ಬಂದರಿನಲ್ಲಿ ಅವರಿಗೆ ಕೆಲಸ ಇತ್ತು, ಬೋಟಿನಲ್ಲಿ ಜಾಗ ಇತ್ತು. ಬೇಲಿಯೊಳಗಿನ ಅದಿರು ಬಂದರಿನಲ್ಲಿ ಎರಡೂ ಇಲ್ಲ.

ಕೊಂಕಣದಲ್ಲಿ ಬೋಟು ಇನ್ನಷ್ಟು ಕಾಲ ಬದುಕಿತು. ಅರುವತ್ತರ ದಶಕದಲ್ಲಿ ಹಳೆಯ ಕಂಪನಿ ಕೈಬಿಟ್ಟಾಗ ಗೋವೆಯ ಚೌಗುಲೆಯವರು ಮುಂಬಯಿ–ಪಣಜಿ ದಾರಿಯನ್ನು ನಡೆಸಿದರು, ಆಮೇಲೆ ಹಜ್ ಯಾತ್ರಿಕರನ್ನು ಒಯ್ಯುತ್ತಿದ್ದ ಸರಕಾರಿ ಮೊಘಲ್ ಲೈನ್ ನಡೆಸಿತು. ‘ಕೊಂಕಣ ಸೇವಕ’, ‘ಕೊಂಕಣ ಶಕ್ತಿ’ ಎಂಬ ಹೆಸರುಗಳು ನಮ್ಮ ಹಿರಿಯರಿಗೆ ನೆನಪಿವೆ. ತೊಂಬತ್ತರ ದಶಕದಲ್ಲಿ ಆ ಪುಟವೂ ಮುಗಿಯಿತು. 1998ರ ಜನವರಿಯಲ್ಲಿ ಕೊಂಕಣ ರೈಲು ಪೂರ್ತಿ ಓಡಿತು. ಹೊನ್ನಾವರದಲ್ಲಿ ಶರಾವತಿಯ ಮೇಲೆ ಎರಡು ಕಿಲೋಮೀಟರಿಗೂ ಉದ್ದದ ಸೇತುವೆ. ಮುಂಬಯಿಗೆ ಒಂದೇ ರಾತ್ರಿ. ನನ್ನ ಅಜ್ಜಿ ಆ ರೈಲು ಹತ್ತಿದಾಗ ಕಿಟಕಿಯ ಸೀಟು ಬೇಕೆಂದು ಹಟ ಮಾಡಿದಳು. ಆ ರೈಲುದಾರಿಗಾಗಿ ಹೋರಾಡಿದ ರೈಲು ಮಂತ್ರಿ ಜಾರ್ಜ್ ಫರ್ನಾಂಡಿಸ್, ಮಂಗಳೂರಿನಿಂದ ಮುಂಬಯಿಗೆ ಹೊಟ್ಟೆಪಾಡಿಗೆ ಹೋಗಿ ಚೌಪಾಟಿಯ ಬೆಂಚಿನ ಮೇಲೆ ಮಲಗಿದ್ದವರು. ರೈಲನ್ನು ಶಪಿಸಿ ಬೋಟನ್ನು ಹೊಗಳುವ ಲೇಖನ ಇದಾಗಬಾರದು. ಯಾವ ತಾಯಿಯೂ ಮಗುವನ್ನು ತೆರೆಯ ಮೇಲಿಂದ ಕೈ ಬದಲಿಸಲು ಮತ್ತೆ ಬಯಸಲಾರಳು.

ಬೋಟು ಸತ್ತ ಮೇಲೆ ಅದು ಬೇರೆ ವೇಷದಲ್ಲಿ ಮರಳಿತು, ವಿಹಾರದ ವೇಷದಲ್ಲಿ. 2018ರ ಅಕ್ಟೋಬರಿನಲ್ಲಿ ಮುಂಬಯಿ–ಗೋವೆ ನಡುವೆ ‘ಆಂಗ್ರಿಯಾ’ ಎಂಬ ವಿಲಾಸಿ ಹಡಗು ಹೊರಟಾಗ ಪತ್ರಿಕೆಗಳು ಇಂಥದ್ದು ಇದೇ ಮೊದಲು ಎಂದು ಬರೆದವು. ಅದೇ ದಾರಿಯಲ್ಲಿ ನೂರು ವರ್ಷ ಜನ ಚಾಪೆ ಹಾಸಿಕೊಂಡು ಹೋಗಿದ್ದನ್ನು ಬರೆದವರು ಅಪರೂಪ. ಹೆಚ್ಚು ಕಾಲ ಅದೂ ಓಡಲಿಲ್ಲ. ನಮ್ಮಲ್ಲಿ ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಬೋಟಿದೆ, ಕಂಬದಂಥ ಕರಿಕಲ್ಲುಗಳ ಎದುರು ನಿಂತು ಫೋಟೋ ತೆಗೆಸಿಕೊಂಡು ಬರಬಹುದು. ತಪ್ಪೇನಿಲ್ಲ. ವಿಹಾರದ ದೋಣಿಗೂ ಹಳೆಯ ನಿಯಮವೇ ಅನ್ವಯಿಸುತ್ತದೆ ಎಂಬುದನ್ನು ಮಾತ್ರ ಮರೆಯಬಾರದು: 2024ರ ಡಿಸೆಂಬರ್ 18ರಂದು ಗೇಟ್‌ವೇಯಿಂದ ಎಲಿಫೆಂಟಾಗೆ ಹೊರಟ ‘ನೀಲ್ ಕಮಲ್’ಗೆ ನೌಕಾಪಡೆಯ ಸ್ಪೀಡ್‌ಬೋಟು ಬಡಿದು 15 ಜನ ಸತ್ತರು.

ಸರಕಿನ ಕಡೆ ಒಂದು ಎಳೆ ಇನ್ನೂ ಹರಿದಿಲ್ಲ. ಮಂಗಳೂರಿನ ಹಳೆ ಬಂದರಿನಿಂದ ಲಕ್ಷದ್ವೀಪಕ್ಕೆ ಮಂಜಿಗಳು ಇಂದೂ ಹೋಗುತ್ತವೆ. ಹಾಯಿ ಹೋಗಿ ಎಂಜಿನ್ ಬಂದಿದೆ. ಜಲ್ಲಿ, ಸಿಮೆಂಟು, ತರಕಾರಿ, ಆಡು ಎಲ್ಲವನ್ನೂ ತಲೆಹೊರೆಯಲ್ಲೇ ಹಲಗೆ ದಾಟಿಸಿ ತುಂಬುತ್ತಾರೆ. ಮಳೆಗಾಲದಲ್ಲಿ ಇವೂ ನಿಲ್ಲುತ್ತವೆ. 2024ರ ಮೇ ತಿಂಗಳಲ್ಲಿ ದ್ವೀಪದಿಂದ ಜನರನ್ನು ಹೊತ್ತ ವೇಗದ ಬೋಟೊಂದು ಸುಮಾರು ಏಳು ಗಂಟೆಯಲ್ಲಿ ಹಳೆ ಬಂದರಿಗೆ ಬಂದು ಮುಟ್ಟಿದಾಗ ದಕ್ಕೆಯ ಮೇಲೆ ಸಂಭ್ರಮವಿತ್ತು.

ಹೊಸ ಕಾಯ್ದೆಯನ್ನು ಈ ಹಳೆಯ ಲೆಕ್ಕದ ಪುಸ್ತಕದ ಎದುರಿಟ್ಟು ಓದಬೇಕು. ದೇಶಿ ಹಡಗುಗಳಿಗೆ ದಂಡೆಯ ವ್ಯಾಪಾರಕ್ಕೆ ಲೈಸೆನ್ಸಿನ ತೊಡಕು ತಪ್ಪಿಸಿದೆ, ವಿದೇಶಿ ಹಡಗಿಗೆ ಲೈಸೆನ್ಸ್ ಬೇಕೆಂದಿದೆ, ಕರಾವಳಿಗೂ ಒಳನಾಡಿನ ಜಲಮಾರ್ಗಕ್ಕೂ ಸೇರಿಸಿ ಒಂದು ಯೋಜನೆ ಎರಡು ವರ್ಷದೊಳಗೆ ಸಿದ್ಧವಾಗಬೇಕೆಂದಿದೆ. ಎಲ್ಲ ಸರಿ. ಆ ಯೋಜನೆಯಲ್ಲಿ ಟನ್ನಿನ ಅಂಕಿ ಇದ್ದೇ ಇರುತ್ತದೆ, ಕ್ರೂಸ್ ಟರ್ಮಿನಲ್ಲಿನ ಚಿತ್ರವೂ ಇರುತ್ತದೆ. ಡೆಕ್ಕಿನ ಟಿಕೇಟು ಇರುತ್ತದೆಯೇ? ಗಂಗೊಳ್ಳಿಯಿಂದ ಭಟ್ಕಳಕ್ಕೆ, ತದಡಿಯಿಂದ ಕಾರವಾರಕ್ಕೆ, ಹೆದ್ದಾರಿಯ ಗುಂಡಿ ಎಣಿಸದೆ ಹೋಗಬಲ್ಲ ಒಂದು ಬಡವರ ಬೋಟು? ದಂಡೆಯ ಉದ್ದಕ್ಕೂ ಸಣ್ಣ ದಕ್ಕೆಗಳ ಹೂಳೆತ್ತುವ ಒಂದು ಸಾಲು? ಕೊಚ್ಚಿಯಲ್ಲಿ 2023ರ ಏಪ್ರಿಲಿನಲ್ಲಿ ಶುರುವಾದ ವಾಟರ್ ಮೆಟ್ರೋ ದ್ವೀಪದವರನ್ನು ದಿನದ ಕೆಲಸಕ್ಕೆ ಒಯ್ದು ತರುತ್ತಿದೆ. ಹಿನ್ನೀರು ಬೇರೆ, ಅರಬ್ಬೀ ಕಡಲು ಬೇರೆ ಎಂಬ ತಕರಾರು ನನಗೂ ಗೊತ್ತು. ನಾಲ್ಕು ತಿಂಗಳು ಕಡಲು ಮುಚ್ಚಿಯೇ ಇರುತ್ತದೆ. ಉಳಿದ ಎಂಟು ತಿಂಗಳ ಲೆಕ್ಕವನ್ನು ಯಾರಾದರೂ ಹಾಕಿದ್ದಾರೆಯೇ ಎಂಬುದು ನನ್ನ ಪ್ರಶ್ನೆ.

ಕಳೆದ ಡಿಸೆಂಬರಿನಲ್ಲಿ ತದಡಿಯಲ್ಲಿ ತಾರಿ ದಾಟಿದೆ. ಆಚೆ ದಡದಲ್ಲಿ ಅಘನಾಶಿನಿ ಊರು. ನೀರಿನ ಮೇಲೆ ಕೆಲವೇ ನಿಮಿಷ, ರಸ್ತೆಯಲ್ಲಿ ಹೋದರೆ ಹೊಳೆ ಬಳಸಿ ಬಲು ದೂರ. ದೋಣಿಯಲ್ಲಿ ಎರಡು ಬೈಕು, ಚಿಪ್ಪಿಕಲ್ಲಿನ ಬುಟ್ಟಿಯ ಹೆಂಗಸರು, ಶಾಲೆಯ ಮಕ್ಕಳು. ಆಚೆ ದಡ ಬಂದಾಗ ಇಳಿತವಿತ್ತು, ದೋಣಿ ಮೆಟ್ಟಿಲಿಗಿಂತ ಕೆಳಗೆ ನಿಂತಿತು. ದೋಣಿಯವನು ಒಂದು ಕಾಲನ್ನು ಅಂಚಿನ ಮೇಲಿಟ್ಟು, ಇನ್ನೊಂದನ್ನು ಕಲ್ಲಿನ ಮೇಲಿಟ್ಟು, ಒಂದು ಸಣ್ಣ ತೆರೆ ಬರುವವರೆಗೆ ಕಾದ. ದೋಣಿ ಎದ್ದಿತು. ಮಗುವಿನ ರಟ್ಟೆ ಹಿಡಿದು ಎತ್ತಿ ಮೆಟ್ಟಿಲ ಮೇಲೆ ಇಟ್ಟ. ಹಿಂದಿನಿಂದ ಅದರ ತಾಯಿ, ಆಮೇಲೆ ಬುಟ್ಟಿ.